ಗೌರವದ ಕತ್ತಿ

ಏಪ್ರಿಲ್ 20, ಗುರುವಾರ. ನಾಳೆ ಉಪವಾಸ ಮುಗಿಯುವ ಹಬ್ಬ

ಬನ್ನಿ, ಬನ್ನಿ, ಜಿಫ್ತಾ ಪಟ್ಟಣದ ಮಹಾಜನಗಳೇ! ಮುಂದಿನ ಸಾಲಿನಲ್ಲಿ ಕಲ್ಲಂಗಡಿ ಬೀಜ ಕಡಿದು ಸಿಪ್ಪೆ ಉಗುಳುತ್ತಿರುವ ಯಜಮಾನರೇ, ನಡುವಿನ ಸಾಲಿನಲ್ಲಿ ಕೂಸನ್ನು ತಟ್ಟುತ್ತಿರುವ ತಾಯಂದಿರೇ, ಟಿಕೆಟ್ಟಿಲ್ಲದೆ ಗೋಡೆ ಹಾರಿ ಬಂದ ಪುಂಡರೇ! ಸದ್ದು, ಸದ್ದು! ಪರದೆ ಏಳುತ್ತಿದೆ. ರಂಗದ ಮೇಲೆ ನಿಂತವನಾರು? ಸಂಸ್ಕೃತಿ ಭವನದ ನಾಟಕ ತಂಡವನ್ನು ಒಂದು ತಲೆಮಾರು ಆಳಿದವನು, ರಾಜನಾಗಿ ಗುಡುಗಿದವನು, ರಾಕ್ಷಸನಾಗಿ ನಕ್ಕವನು, ನಟಿ ಕೈಕೊಟ್ಟ ದಿನ ಮೀಸೆ ಮುಚ್ಚಿಕೊಂಡು ರಾಣಿಯಾಗಿ ಅತ್ತವನು: ಫಿಕ್ರಿ! ಫಿಕ್ರಿ! ಫಿಕ್ರಿ!

ಯಾರೂ ಬಂದಿಲ್ಲ. ಅಡುಗೆಮನೆಯಲ್ಲಿ ನನ್ನ ಹೆಂಡತಿ ಸನ್ನಿಯ್ಯಾ ಹಬ್ಬದ ಬಿಸ್ಕತ್ತಿನ ತಗಡುಗಳನ್ನು ಬಡಿಯುತ್ತಿದ್ದಾಳೆ, ಅದನ್ನೇ ಚಪ್ಪಾಳೆ ಅಂದುಕೊಳ್ಳುತ್ತೇನೆ. ನಿವೃತ್ತ ನಟನಿಗೆ ದಿನಚರಿಯೇ ಕೊನೆಯ ರಂಗಮಂದಿರ. ಇಲ್ಲಿ ಬರೆಯುವವನೂ ನಾನೇ, ಓದುವವನೂ ನಾನೇ, ನಡುವೆ ಆಕಳಿಸುವವನೂ ನಾನೇ.

ಇಂದು ನಡೆದ ಮುಖ್ಯ ಸಂಗತಿ: ಕ್ಷೌರ. ನಗಬೇಡಿ. ಝಗಲೂಲನ ಸಲೂನಿನಲ್ಲಿ ಹಬ್ಬದ ಮುನ್ನಾದಿನದ ಕ್ಷೌರವೆಂದರೆ ಪಟ್ಟಾಭಿಷೇಕ. ಉಳಿದ ದಿನಗಳಲ್ಲಿ ಅವನೂ ಎಲ್ಲರ ಹಾಗೆಯೇ ಹೊಸ ಬ್ಲೇಡು ಮುರಿದು ಅರ್ಧ ಸಿಕ್ಕಿಸುತ್ತಾನೆ, ಕೆಲಸವಾದ ಮೇಲೆ ಡಬ್ಬಕ್ಕೆ ಎಸೆಯುತ್ತಾನೆ. ಆದರೆ ಹಬ್ಬದ ಹಿಂದಿನ ದಿನ ಆಪ್ತರು ಕುರ್ಚಿಗೆ ಬಂದರೆ ಗಾಜಿನ ಬೀರುವಿನ ಬೀಗ ತೆಗೆದು, ಮಖಮಲ್ಲಿನ ಬಟ್ಟೆ ಬಿಚ್ಚಿ, ಅವನಪ್ಪ ಬಿಟ್ಟುಹೋದ ದಂತದ ಹಿಡಿಯ ಕತ್ತಿ ತೆಗೆಯುತ್ತಾನೆ. ಚರ್ಮದ ಪಟ್ಟಿಯ ಮೇಲೆ ಸರಕ್ ಸರಕ್ ಎಂದು ಮಸೆಯುತ್ತಾನೆ. ಕಾದು ಕೂತ ಜನ ಮಾತು ನಿಲ್ಲಿಸಿ ನೋಡುತ್ತಾರೆ. ಬ್ಲೇಡು ಸಿಕ್ಕವನು ಗಿರಾಕಿ, ಕತ್ತಿ ಸಿಕ್ಕವನು ಬಂಧು.

ನನಗಿಂತ ಮುಂಚೆ ಅದೇ ಕುರ್ಚಿಯಲ್ಲಿ ಅದೇ ಕತ್ತಿಗೆ ಕತ್ತು ಕೊಟ್ಟವನು ಹತ್ತಿ ವ್ಯಾಪಾರದ ಹಾಜಿ ಬದವಿ. ಅವನೆದ್ದ, ನಾನು ಕೂತೆ. ಕತ್ತಿಯನ್ನು ಟವೆಲ್ಲಿಗೆ ಒರೆಸಿ, ನಿಂಬೆ ಕೊಲೋನು ಚಿಮುಕಿಸಿ ಝಗಲೂಲ್ ಶುರುಮಾಡಿದ.

"ಲೋ ಫಿಕ್ರಿ, ಅಲ್ಲಾಡ್ಬೇಡ್ವೋ. ಇದು ನಾಟಕ ಅಲ್ಲ, ಕುತ್ತಿಗೆ."

"ಕುತ್ತಿಗೆ ಇರೋದ್ರಿಂದ್ಲೇ ಕಣೋ ನಾಟಕ."

ನಕ್ಕೆ, ದವಡೆಯ ಕೆಳಗೆ ಚುರುಕ್ ಎಂದಿತು. ಒಂದು ಹನಿ ರಕ್ತ. ಪಟಿಕದ ಕಲ್ಲು ಉಜ್ಜಿದ, ನಿಂತಿತು. "ನಈಮನ್!" ಎಂದು, ಕ್ಷೌರ ಮುಗಿದವರಿಗೆ ಹೇಳುವಂತೆ, ಬೆನ್ನು ತಟ್ಟಿ ಹಾರೈಸಿದ. ಹಣ ಕೊಡಲು ಹೋದರೆ ಕೈ ಮುರಿಯುತ್ತೇನೆ ಎಂದ.

ಮನೆಗೆ ಬಂದು ಮೆಟ್ಟಿಲು ಹತ್ತುವಾಗ ಪ್ರತಿ ತಿರುವಿನಲ್ಲೂ ನಿಂತೆ. ಒಂದು ವರ್ಷದಿಂದ ಹೀಗೇ. ಮಹಾರಾಜರು ಅವಸರದಲ್ಲಿ ಮೆಟ್ಟಿಲು ಹತ್ತುವುದಿಲ್ಲ, ಅಷ್ಟೇ.

ಏಪ್ರಿಲ್ 21. ಹಬ್ಬ

ಮಹಾಜನಗಳೇ, ಪರದೆ ಇಳಿಸಿ. ದೀಪ ಆರಿಸಿ.

ಪ್ರಾರ್ಥನೆ ಮುಗಿಸಿ ಬಂದು ಉಪ್ಪುಮೀನು ಬಿಡಿಸುತ್ತ ಕೂತಿದ್ದೆವು. ಬದವಿಯ ಮನೆಗೂ ಒಂದಿಷ್ಟು ಕಳಿಸೋಣವೇ ಎಂದೆ.

ಸನ್ನಿಯ್ಯಾ ಈರುಳ್ಳಿ ಕೊಯ್ಯುತ್ತಲೇ ಅಂದಳು: "ಅವ್ರು ಉಪ್ಪುಮೀನು ಮುಟ್ಟಲ್ವಂತೆ. ಲಿವರ್ ಅಲ್ವಾ? ಸಿ ವೈರಸ್. ಅವ್ನ ಹೆಂಡ್ತೀನೇ ಹೇಳಿದ್ಲು, ಎಷ್ಟೋ ವರ್ಷ ಆಯ್ತು."

ಕೈ ತಾನಾಗಿ ದವಡೆಯ ಕೆಳಗೆ ಹೋಯಿತು. ಗಾಯ ಎಷ್ಟು ಸಣ್ಣದೆಂದರೆ ಬೆರಳಿಗೆ ಸಿಗಲಿಲ್ಲ.

ರಕ್ತದ ಮೂಲಕ ಹರಡಿ ಲಿವರ್ ತಿನ್ನುವ ಹೆಪಟೈಟಿಸ್; ಈ ಊರಲ್ಲಿ ಆ ಎರಡು ಶಬ್ದಗಳನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಮ್ಮ ಓಣಿಯಲ್ಲೇ ಎಷ್ಟು ಜನ ಮೊದಲು ಹಳದಿಯಾಗಿ, ಆಮೇಲೆ ಹೊಟ್ಟೆ ಉಬ್ಬಿ, ಆಮೇಲೆ ರಕ್ತ ಕಾರಿ ಹೋದರು. ನಮ್ಮ ತಂಡದ ಖಳನಾಯಕ ಹಾಗೇ ಹೋದ. ಕೊನೆಕೊನೆಗೆ ಅವನು ರಂಗದ ಮೇಲೆ ಚಾಕು ಎತ್ತಿದರೆ ಜನ ಹೆದರುತ್ತಿರಲಿಲ್ಲ, ಅಯ್ಯೋ ಪಾಪ ಅನ್ನುತ್ತಿದ್ದರು.

ಅದೇ ಕತ್ತಿ. ಅವನೆದ್ದ, ನಾನು ಕೂತೆ.

ಏಪ್ರಿಲ್ 23

ಕನ್ನಡಿಯ ಮುಂದೆ ನಿಂತು ಕಣ್ಣಿನ ಬಿಳಿ ನೋಡಿಕೊಂಡೆ. ಹಳದಿ! ಸನ್ನಿಯ್ಯಾಳನ್ನು ಕೂಗಿದೆ. ಅವಳು ಬಂದು ಕಿಟಕಿಯ ಪರದೆ ಸರಿಸಿದಳು. ಹಳದಿ ಹೋಯಿತು. ಪರದೆಯ ಬಣ್ಣವದು.

"ಇನ್ನೇನ್ ಕಾಣ್ತಿದೆ ಉಸ್ತಾದ್‌ರಿಗೆ? ಕೊಂಬು ಬಂದಿದ್ಯಾ?"

ಅವಳು ಹೀಗೆ ನನ್ನನ್ನು "ಉಸ್ತಾದ್" ಎಂದರೆ ಬೈದ ಹಾಗೆ. ಮರ್ಯಾದೆ ಕೊಡಬೇಕೆನಿಸಿದಾಗ ಬರೀ "ರೀ".

ಮಧ್ಯಾಹ್ನ ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ದನದ ಲಿವರು ಹುರಿದಳು. ನನಗೆ ಬಹಳ ಇಷ್ಟವಾದದ್ದು. ತಟ್ಟೆ ನೋಡಿದೆ. ತಟ್ಟೆಯೂ ನನ್ನನ್ನು ನೋಡಿತು. ಎದ್ದು ಹೋಗಿ ಮಲಗಿದೆ.

ಏಪ್ರಿಲ್ 25

ಲಕ್ಷಣಗಳು ಒಂದೊಂದಾಗಿ ರಂಗಪ್ರವೇಶ ಮಾಡುತ್ತಿವೆ. ಬಲಗಡೆ ಪಕ್ಕೆಲುಬಿನ ಕೆಳಗೆ ಭಾರ. ಬಾಯಲ್ಲಿ ಕಹಿ. ಮೊಣಕಾಲಲ್ಲಿ ನೋವು. ಎಲ್ಲಕ್ಕಿಂತ ಮೇಲೆ ದಣಿವು. ಇದು ಕೆಲಸ ಮಾಡಿ ಬರುವ ದಣಿವಲ್ಲ, ಯಾರೋ ಒದ್ದೆ ಕಂಬಳಿ ಹೊದಿಸಿ ಹೋದಂತಹ ದಣಿವು. ಎಲ್ಲವೂ ಆ ಕತ್ತಿಯಿಂದ.

ಸನ್ನಿಯ್ಯಾ ತಾಳ್ಮೆ ಕಳೆದುಕೊಂಡಳು. "ಸುಮ್ನೆ ಹೋಗಿ ಒಂದ್ ತೊಟ್ಟು ರಕ್ತ ಕೊಟ್ಟು ಬರೋದಪ್ಪ! ನಾಲ್ಕೈದು ವರ್ಷದ್ ಹಿಂದೆ ಸರ್ಕಾರದೋರು ವ್ಯಾನ್ ತಂದು ಊರಿಗೆಲ್ಲ ಸಿ ವೈರಸ್ ಪರೀಕ್ಷೆ ಮಾಡಿದ್ರಲ್ಲ, ಅದ್ರಲ್ಲಿ ಏನ್ ಬಂದಿತ್ತು ನಿಮ್ದು?"

ಕಿಟಕಿಯ ಪರದೆ ಸರಿಮಾಡತೊಡಗಿದೆ.

"ರೀ. ಏನ್ ಬಂದಿತ್ತು?"

"ನಾನು ಮೈಕಿನಲ್ಲಿದ್ದೆ."

ಅವಳು ಪಾತ್ರೆ ಕೆಳಗಿಟ್ಟಳು. ಹೌದು, ಆ ವ್ಯಾನಿನ ಮೇಲೆ ನಿಂತು "ಬನ್ನಿ ಬಾಂಧವರೇ, ಒಂದು ಹನಿ ರಕ್ತ, ನೂರು ವರ್ಷ ಆಯಸ್ಸು!" ಎಂದು ಗಂಟಲು ಹರಿದುಕೊಂಡವನು ನಾನೇ. ಬೀದಿಬೀದಿ ಸುತ್ತಿದೆ. ನನ್ನ ದನಿ ಕೇಳಿ ಮುದುಕಿಯರು ಮಂಚದಿಂದೆದ್ದು ಬಂದರು. ಇವನದ್ದೇ ಮೊದಲು ಆಗಿರುತ್ತದೆ ಎಂದು ಎಲ್ಲರೂ ತಿಳಿದರು. ಯಾರೂ ನನ್ನ ಬೆರಳು ಕೇಳಲಿಲ್ಲ.

ಸನ್ನಿಯ್ಯಾ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಊರಿಗೆಲ್ಲ ಊಟಕ್ಕೆ ಕರೆದು ತಾನ್ ಮಾತ್ರ ಉಪವಾಸ ಕೂತ್ನಂತೆ!" ಆಮೇಲೆ ಕಣ್ಣೊರೆಸಿಕೊಂಡು, ಬೇರೆ ದನಿಯಲ್ಲಿ, "ಹೋಗ್ ಬನ್ನಿ ರೀ" ಎಂದಳು.

ನಾಳೆ ನೋಡೋಣ.

ಏಪ್ರಿಲ್ 29

ಹೋಗಲಿಲ್ಲ. ಧೂಳುಗಾಳಿ. ಎಲ್ಲ ಕಡೆ ಮರಳು, ಹಲ್ಲಿನಲ್ಲೂ. ಸುಸ್ತು.

ಮೇ 2

ಗಡ್ಡ ಬೆಳೆಯುತ್ತಿದೆ. ಝಗಲೂಲನ ಸಲೂನಿನ ಮುಂದೆ ಹಾದುಹೋಗಬಾರದೆಂದು ಮೀನು ಮಾರುಕಟ್ಟೆ ಸುತ್ತಿ ಓಡಾಡುತ್ತೇನೆ. ಇಂದು ಸಂಜೆ ಅಭ್ಯಾಸಬಲದಿಂದ ಕಾಲುಗಳು ಕಾಫಿ ಅಂಗಡಿಗೇ ನಡೆದವು. ಅದು ಸಲೂನಿನ ಎದುರಿಗೇ ಇದೆ.

ಡೊಮಿನೋ ಆಡುತ್ತಿದ್ದವರು ತಲೆ ಎತ್ತಿದರು. "ಏನ್ ಉಸ್ತಾದ್, ಗಡ್ಡ? ಹೊಸ ಪಾತ್ರಾನಾ?"

"ಸಂತನ ಪಾತ್ರ ಇರ್ಬೇಕು. ಅದಕ್ಕೇ ಬಿಲ್ ಕೊಡದೆ ಹೋಗೋ ಅಭ್ಯಾಸ ಮಾಡ್ಕೊಂಡಿರೋದು" ಎಂದ ಇನ್ನೊಬ್ಬ.

ಎಲ್ಲರೂ ನಕ್ಕರು. ನಾನೂ ನಕ್ಕು ಸುಮ್ಮನಿರಬೇಕಿತ್ತು. ಆದರೆ ಅಷ್ಟು ಮುಖಗಳು ನನ್ನತ್ತ ತಿರುಗಿದ್ದವು, ಒಳಗಿದ್ದ ಪ್ರಾಣಿ ಎದ್ದು ನಿಂತಿತು. ಕುರ್ಚಿ ಹಿಂದಕ್ಕೆ ತಳ್ಳಿದೆ. ಕೈ ಎತ್ತಿದೆ.

"ಗಡ್ಡವಲ್ಲ ಬಾಂಧವರೇ, ಇದು ನನ್ನ ಶೋಕ! ಆ ಗಾಜಿನ ಬಾಗಿಲು ನೋಡಿ. ಅದರ ಹಿಂದೆ ಮಖಮಲ್ಲಿನಲ್ಲಿ ಸುತ್ತಿಟ್ಟ ಹಾವಿದೆ! ಬದವಿಯ ರಕ್ತ ಕುಡಿದ ಬಾಯಿಂದಲೇ ನನ್ನ ಕತ್ತು ಕಚ್ಚಿತು! ಸ್ನೇಹವೆಂದು ಕೊಟ್ಟ ಕತ್ತಿ ನನ್ನ ಯಕೃತ್ತಿನಲ್ಲಿ ಮುರಿದು ಕೂತಿದೆ!"

ಹುಕ್ಕಾದ ಗುಳುಗುಳು ನಿಂತಿತು. ಚಹಾ ಹಿಡಿದವನು ಹಾಗೇ ನಿಂತ. ಎಂಥಾ ಮೌನ! ಎಷ್ಟೋ ವರ್ಷಗಳಿಂದ ಸಿಗದಿದ್ದ ಮೌನ. ದೇವರಾಣೆ, ಒಂದು ಕ್ಷಣ ದಣಿವೆಲ್ಲ ಮಾಯವಾಗಿತ್ತು.

ರಸ್ತೆಯಾಚೆ ಝಗಲೂಲ್ ಬಾಗಿಲಲ್ಲಿ ನಿಂತಿದ್ದ, ಹೆಗಲ ಮೇಲೆ ಟವೆಲ್ಲು. ಕೇಳಿಸಿತೋ ಇಲ್ಲವೋ. ನನ್ನ ದನಿ ರಸ್ತೆಯಾಚೆಗೆ ಕೇಳಿಸದೆ ಇದ್ದದ್ದು ಯಾವತ್ತು?

ಮೇ 4

ಸನ್ನಿಯ್ಯಾ ಮಾರುಕಟ್ಟೆಯಿಂದ ಬಂದು ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. ಝಗಲೂಲನ ಸಲೂನಿನಲ್ಲಿ ನೊಣ ಹೊಡೆಯುವವರೂ ಇಲ್ಲವಂತೆ. ಮದುವೆ ಗೊತ್ತಾಗಿದ್ದ ಒಬ್ಬ ವರ ಕ್ಷೌರಕ್ಕೆ ಬೇರೆ ಕಡೆ ಹೋದನಂತೆ.

"ಏನ್ ಡೈಲಾಗ್ ಹೊಡೆದ್ರಿ ಅಂತ ಊರೆಲ್ಲ ಹೇಳ್ತಿದೆ. ಮಖಮಲ್ಲಿನ ಹಾವಂತೆ. ಖುಷಿ ಆಯ್ತಾ?"

ಖುಷಿಯಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಈಗ ಆಗುತ್ತಿಲ್ಲ.

ಸಂಜೆ ಬಾಗಿಲು ತಟ್ಟಿದ ಶಬ್ದ. ಝಗಲೂಲ್. ಮೆಟ್ಟಿಲು ಹತ್ತಿ ಅವನಿಗೂ ಏದುಸಿರು. ಒಳಗೆ ಕರೆದರೂ ಬರಲಿಲ್ಲ, ಬಾಗಿಲ ಚೌಕಟ್ಟಿಗೆ ಕೈ ಊರಿ ನಿಂತ.

"ನನ್ ಮುಂದೆ ಬಂದು ಹೇಳ್ಬಹುದಿತ್ತಲ್ವೇನೋ."

"ನನಗೆ ಭಯ ಆಯ್ತು ಕಣೋ."

"ಭಯ ಆದೋನು ಪಿಸುಗುಟ್ತಾನೆ ಕಣೋ. ಮೇಜಿನ್ ಮೇಲ್ ಹತ್ತಿ ಕೂಗಲ್ಲ."

"ಮೇಜಿನ್ ಮೇಲೆ ಹತ್ತಲಿಲ್ಲ."

"ಊರೋರು ಹತ್ತಿಸಿದ್ದಾರೆ. ನಿನ್ ಮಾತು ಬಾಯಿಂದ ಬಾಯಿಗೆ ಹೋಗಿ ಈಗ ನಾನೇ ಬದವಿ ರಕ್ತ ಬಾಟ್ಲೀಲಿ ಇಟ್ಕೊಂಡಿದೀನಿ." ಅವನು ಉಸಿರು ತೆಗೆದುಕೊಂಡ. "ಕತ್ತಿ ಒರೆಸ್ದೆ. ಕೊಲೋನ್ ಹಾಕ್ದೆ. ಅಪ್ಪನ ಕಾಲದಿಂದ ಹಾಗೇ. ಆಪ್ತರಿಗೆಲ್ಲ ಆದ್ಮೇಲೆ ಹಬ್ಬದ ಹಿಂದಿನ್ ದಿನ ಕೊನೇಲಿ ನಾನೂ ಅದೇ ಕತ್ತೀಲಿ ಮಾಡ್ಕೋತೀನಿ. ನಿಂದ್ ಆದ್ಮೇಲೆ ಆವತ್ತು ನಂದೇ. ವಿಷ ಇದ್ದಿದ್ರೆ ನನಗೇ ಇಟ್ಕೋತಿದ್ನೇನೋ?"

ಸನ್ನಿಯ್ಯಾ ಚಹಾ ತಂದಳು. ಅವನು ಮುಟ್ಟದೆ, "ಬೇಡಮ್ಮ, ಲೋಟಕ್ಕೂ ಹೆದರಿಕೊಂಡಾನು ನಿನ್ ಗಂಡ" ಎಂದು ಇಳಿದು ಹೋದ. ಪ್ರತಿ ತಿರುವಿನಲ್ಲೂ ಅವನ ಹೆಜ್ಜೆ ನಿಲ್ಲುವುದು ಕೇಳಿಸಿತು.

ಮೇ 5

ಚಹಾ ಆರಿದೆ. ಹಾಗೇ ಇದೆ.

ಮೇ 8

ಬದವಿ ಬಂದ. ಬಂದ ಎಂದರೆ ಸಾಲದು, ನುಗ್ಗಿದ. ದೊಡ್ಡ ಹೊಟ್ಟೆ, ದೊಡ್ಡ ದನಿ, ಕೈಯಲ್ಲಿ ಜಪಮಾಲೆ.

"ನನ್ ರಕ್ತದ್ ಸುದ್ದಿ ಊರ್ ಮುಂದೆ ಮಾತಾಡೋಕೆ ನೀನ್ಯಾರಯ್ಯಾ? ನಂದು ಸಿ ವೈರಸ್ ಎಂದೋ ಹೋಯ್ತು! ಮಾತ್ರೆ ನುಂಗ್ದೆ, ಹೋಯ್ತು. ಆ ವ್ಯಾನ್ ಬಂದಿತ್ತಲ್ಲ, ಅದ್ರಲ್ಲೇ ಸಿಕ್ಕಿಬಿದ್ದಿದ್ದು. ನಿನ್ನ ಗಂಟ್ಲು ಕೇಳೇ ಹೋಗಿ ಕೊಟ್ಟಿದ್ದು ಕಣಯ್ಯಾ ರಕ್ತ! ನಿನಗೆ ಮುಂದಿನ್ ಹಬ್ಬಕ್ಕೆ ಕುರಿ ಕಳಿಸ್ಬೇಕು ಅಂತಿದ್ದೆ, ಈಗ ಕುರಿ ಚರ್ಮಾನೂ ಇಲ್ಲ!"

"ಮತ್ತೆ ಉಪ್ಪುಮೀನು ಯಾಕೆ ತಿನ್ನಲ್ಲ?"

"ಬಿ.ಪಿ. ಕಣಯ್ಯಾ!"

ಅವನು ಹೋದ. ಹಾಗಾದರೆ ಕತ್ತಿಯಲ್ಲಿ ಏನೂ ಇರಲಿಲ್ಲ. ನನಗೂ ಏನೂ ಆಗಿಲ್ಲ. ಕುಣಿಯಬೇಕಿತ್ತು, ಕಾಲು ಏಳಲಿಲ್ಲ. ಪಕ್ಕೆಯ ಭಾರ ಹಾಗೇ ಇದೆ. ಹೆದರಿಕೆಯ ಭಾರವಿರಬೇಕು, ಇಳಿಯಲು ಸಮಯ ಬೇಕು.

ಏನೇ ಇರಲಿ, ಕ್ಷಮಾಪಣೆಯ ದೃಶ್ಯ ರಚಿಸಬೇಕು. ಪರೀಕ್ಷೆಯ ಚೀಟಿ ಕೈಯಲ್ಲಿ ಹಿಡಿದು ಕಾಫಿ ಅಂಗಡಿಗೆ ಪ್ರವೇಶ. ಕಾಗದ ಎತ್ತಿ ಹಿಡಿದು: "ಇಗೋ ಬಾಂಧವರೇ, ನಿರ್ದೋಷಿ ಕತ್ತಿಗೆ ಬಿಡುಗಡೆಯ ಆಜ್ಞೆ!" ಆಮೇಲೆ ರಸ್ತೆ ದಾಟಿ ಝಗಲೂಲನ ಕಾಲಿಗೆ. ಬೇಡ, ಕಾಲಿಗೆ ಬೇಡ. ಹೆಗಲಿಗೆ.

ಚೀಟಿಗಾಗಿಯಾದರೂ ರಕ್ತ ಕೊಡಬೇಕು.

ಮೇ 10

ಲಿವರ್ ಕೇಂದ್ರಕ್ಕೆ ಇಬ್ಬರೂ ಹೋದೆವು. ಸನ್ನಿಯ್ಯಾ ತನ್ನ ಬೆರಳನ್ನೂ ಕೊಟ್ಟಳು. "ಒಟ್ಟಿಗೆ ಇಷ್ಟು ವರ್ಷ ಒಂದೇ ತಟ್ಟೇಲಿ ತಿಂದಿದ್ದೀವಿ, ನಂದೂ ನೋಡ್ಬಿಡಿ ಮಗ" ಎಂದು ನರ್ಸ್ ಹುಡುಗನಿಗೆ ಹೇಳಿದಳು.

ತಟ್ಟೆಯಿಂದ ಬರಲ್ಲಮ್ಮ ಇದು, ರಕ್ತದಿಂದ ರಕ್ತಕ್ಕೆ ಎಂದ ಅವನು.

ಸಣ್ಣ ಪ್ಲಾಸ್ಟಿಕ್ ಪಟ್ಟಿ. ಒಂದು ಗೆರೆ ಬಂದರೆ ಇಲ್ಲ, ಎರಡು ಬಂದರೆ ಇದೆ. ಅವಳದ್ದರಲ್ಲಿ ಒಂದು ಗೆರೆ. ನನ್ನದರಲ್ಲಿ ಎರಡು.

ನರ್ಸು ಮತ್ತೊಂದು ಪಟ್ಟಿ ತೆಗೆದ, ಮತ್ತೆ ಚುಚ್ಚಿದ. ಎರಡು.

ಸನ್ನಿಯ್ಯಾ ನನ್ನ ಟೋಪಿ ತೆಗೆದು ತನ್ನ ಮಡಿಲಲ್ಲಿಟ್ಟುಕೊಂಡಳು. ಹೊರಡುವಾಗ ನನ್ನ ತಲೆಗೆ ಅವಳೇ ಹಾಕಿದಳು.

ಮೇ 11

ಹಾಗಾದರೆ ಕತ್ತಿಯೇ. ಬದವಿಗೆ ವಾಸಿಯಾಗಿದ್ದರೆ ಅವನ ಮುಂಚಿನ ಯಾರೋ. ಯಾರದ್ದೋ ರಕ್ತ. ನಾನು ಕೂಗಿದ್ದು ಸರಿಯೇ ಇತ್ತು.

ಸರಿಯಾಗಿದ್ದದ್ದಕ್ಕೆ ಸಮಾಧಾನವಾಗಬೇಕಿತ್ತು.

ಮೇ 12

ಮಲಗಿದ್ದೆ. ಸನ್ನಿಯ್ಯಾ ಸೊಪ್ಪಿನ ಸಾರು ಮಾಡಿದಳು. ಕಾಯಿಲೆ ಅವಳಿಗಿಲ್ಲ ಎಂಬುದೊಂದು ಇದೆ. ಅದನ್ನು ಬರೆದಿಡಬೇಕೆನಿಸಿತು. ಅವಳಿಗಿಲ್ಲ.

ಮೇ 15

ಡಾಕ್ಟರ್ ಇಖ್ಲಾಸ್ ಚಿಕ್ಕ ವಯಸ್ಸಿನವಳು, ನನ್ನ ಮಗಳಿದ್ದಿದ್ದರೆ ಅಷ್ಟೇ ವಯಸ್ಸು. ಮಾತು ಕಡಿಮೆ. ಪಕ್ಕೆಲುಬಿನ ಮೇಲೆ ಯಾವುದೋ ಯಂತ್ರದ ಮೂತಿ ಇಟ್ಟು ಟಕ್ ಟಕ್ ಎನ್ನಿಸಿದಳು. ನೋವಿಲ್ಲ. ಆಮೇಲೆ ರಕ್ತದ ದೊಡ್ಡ ಪರೀಕ್ಷೆಯ ಫಲಿತಾಂಶ ನೋಡಿದಳು.

"ಅಪ್ಪಾಜಿ, ವೈರಸ್ ಇದೆ. ಮಾತ್ರೆ ಕೊಡ್ತೀನಿ. ಮೂರು ತಿಂಗಳು ತಪ್ಪದೆ ತಗೊಳ್ಳಿ, ಸಾಮಾನ್ಯವಾಗಿ ಹೋಗ್ಬಿಡತ್ತೆ. ಈಗಿದು ಸಾಯೋ ಕಾಯಿಲೆ ಅಲ್ಲ."

ಸನ್ನಿಯ್ಯಾ ದೇವರ ಹೆಸರು ಹೇಳಿದಳು. ನಾನು ಕತ್ತಿಯ ಕಥೆ ಹೇಳಿದೆ. ಪೂರ್ತಿ ಹೇಳಿದೆ, ಆದರೆ ಕೈ ಎತ್ತದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ಹಬ್ಬದ ಹಿಂದಿನ್ ದಿನ ಅಂದ್ರೆ ಮೂರು ವಾರ ಆಯ್ತಷ್ಟೆ. ಅಷ್ಟರಲ್ಲಿ ಬೆರಳು ಚುಚ್ಚಿದ ಪಟ್ಟೀಲಿ ಎರಡು ಗೆರೆ ಬರೋದು ಕಷ್ಟ. ಅದೂ ಬಿಡಿ. ನಿಮ್ಮ ಲಿವರ್ ಗಟ್ಟಿಯಾಗಿದೆ, ಗಾಯ ಕಟ್ಟಿ ಕಟ್ಟಿ. ಮೂರು ವಾರದಲ್ಲಿ ಹೀಗಾಗಲ್ಲ. ಮೂರು ವರ್ಷದಲ್ಲೂ ಆಗಲ್ಲ. ಇದು ತುಂಬಾ ಹಳೇದು."

"ಎಷ್ಟು ಹಳೇದು?"

ಅವಳು ನನ್ನ ಹುಟ್ಟಿದ ವರ್ಷ ನೋಡಿದಳು. "ಹಳ್ಳೀಲಿ ಬೆಳೆದಿದ್ದಾ? ಕಾಲುವೇಲಿ ಈಜ್ತಿದ್ರಾ? ಬಿಲ್ಹಾರ್ಜಿಯಾಕ್ಕೆ ಇಂಜೆಕ್ಷನ್ ಹಾಕ್ಸಿದ್ರಾ ಚಿಕ್ಕವರಿದ್ದಾಗ?"

ಈಜದವನು ಯಾರು? ಮೂತ್ರದಲ್ಲಿ ರಕ್ತ ಹೋಗದ ಹುಡುಗ ಯಾರಿದ್ದ ನಮ್ಮ ಹಳ್ಳಿಯಲ್ಲಿ? ಕಾಲುವೆಯ ಹುಳು ಮೈಗೆ ಹೊಕ್ಕರೆ ಹಾಗೇ. ನಮ್ಮಪ್ಪನ ನಾಟಕದ ಕಂಪನಿ ಚಳಿಗಾಲದಲ್ಲಿ ಹಳ್ಳಿಗೆ ಮರಳುತ್ತಿತ್ತು, ಆಗ ನಾನು ಶಾಲೆಗೆ ಹೋಗುತ್ತಿದ್ದೆ. ಶಾಲೆಯ ಅಂಗಳದಲ್ಲಿ ಸ್ಪಿರಿಟ್ ದೀಪ, ಅದರ ಮೇಲೆ ಕುದಿಯುವ ಡಬ್ಬಿ, ಗಾಜಿನ ಪಿಚಕಾರಿ. ತೋಳು ಮಡಚಿಕೊಂಡು ಸಾಲು. ಒಬ್ಬನ ತೋಳಿನಿಂದ ತೆಗೆದ ಸೂಜಿ ಕುದಿಯುವ ನೀರಲ್ಲಿ ಒಮ್ಮೆ ಮುಳುಗಿ ಮುಂದಿನವನ ತೋಳಿಗೆ. ಸಾಲು ಉದ್ದವಾದಾಗ ಮುಳುಗುತ್ತಲೂ ಇರಲಿಲ್ಲ. ಹಾಕಿಸಿಕೊಂಡವರು ಗೋಡೆಯ ಪಕ್ಕ ಹೋಗಿ ವಾಂತಿ ಮಾಡುತ್ತಿದ್ದರು. ಇದೇ ಔಷಧಿ ಎಂದು ಅವರೂ ನಂಬಿದ್ದರು, ನಾವೂ ನಂಬಿದ್ದೆವು. ಹುಳುವಂತೂ ಸತ್ತಿತು.

"ನಿಮ್ಮ ವಯಸ್ಸಿನವ್ರಲ್ಲಿ ನಾವು ನೋಡೋದು ಎಷ್ಟೋ ಸಲ ಇದೇ" ಎಂದಳು ಡಾಕ್ಟರ್. "ಖಚಿತವಾಗಿ ಹೇಳೋಕಾಗಲ್ಲ. ಆದ್ರೆ ಈ ಹಬ್ಬದ ಕತ್ತಿ ಅಲ್ಲ. ಹಾಗಂತ ಆ ಕತ್ತಿ ಒಳ್ಳೇದೂ ಅಲ್ಲ. ಕೊಲೋನಿಂದ ಇದು ಸಾಯಲ್ಲ. ಅದನ್ನ ಇನ್ನೊಬ್ಬರ ಮೇಲೆ ಇಡ್ಲೇಬಾರದು." ಚೀಟಿ ಬರೆಯುತ್ತ ಕೇಳಿದಳು: "ಆ ಸಾಲಲ್ಲಿ ನಿಮ್ ಜೊತೆ ನಿಂತಿದ್ದೋರು ಯಾರಾದ್ರೂ ಈಗ ಇದ್ದಾರಾ? ಇದ್ರೆ ಕರ್ಕೊಂಡ್ ಬನ್ನಿ."

ಇದ್ದಾನೆ. ಅದೇ ಶಾಲೆಯವನು, ನನ್ನ ಬೆನ್ನ ಹಿಂದೆ ನಿಂತಿದ್ದ. ನನ್ನ ತೋಳಿನಿಂದ ತೆಗೆದ ಸೂಜಿ ಹೋದದ್ದು ಝಗಲೂಲನ ತೋಳಿಗೆ. ಮತ್ತೆ ಪ್ರತಿ ಹಬ್ಬಕ್ಕೂ ನನ್ನ ನಂತರ ಅವನು.

ಮನೆಗೆ ಬಂದು ಮೊದಲ ಮಾತ್ರೆ ನುಂಗಿದೆ.

ಮೇ 16

ಇಂದು ಹೋಗಿದ್ದೆ. ಸಲೂನಿನ ಅರ್ಧ ಷಟರು ಎಳೆದಿತ್ತು. ಬಗ್ಗಿ ಒಳಗೆ ಹೋದೆ. ಝಗಲೂಲ್ ಗಿರಾಕಿಯ ಕುರ್ಚಿಯಲ್ಲೇ ಕೂತಿದ್ದ, ಕನ್ನಡಿಗೆ ಬೆನ್ನು ಮಾಡಿ.

"ಏನ್ ಬಂದೆ? ಎರಡ್ನೇ ಅಂಕಾನಾ?"

ಎಲ್ಲ ಹೇಳಿದೆ. ಎರಡು ಗೆರೆ, ಗಟ್ಟಿಯಾದ ಲಿವರು, ಶಾಲೆಯ ಸಾಲು. ನಿನ್ನ ಕತ್ತಿಯದಲ್ಲ ಎಂದೆ. ಅವನ ಮುಖ ಒಂದು ಕ್ಷಣ ಬೆಳಗಿತು. ಆಮೇಲೆ ಅವನೂ ಅದೇ ಲೆಕ್ಕ ಹಾಕಿದ ಎಂದು ಕಾಣುತ್ತದೆ, ಬೆಳಕು ಹೋಯಿತು.

"ನೀನೂ ಒಂದ್ಸಲ ಕೊಟ್ಬಿಡೋ ರಕ್ತ."

"ಆ ವ್ಯಾನ್ ಬಂದಾಗ್ಲೇ ಕೊಟ್ಟಾಗಿದೆ."

"ಸುಳ್ಳು."

"ನೀನ್ ಹೆಂಗೋ ಸುಳ್ಳು ಅಂತೀಯ?"

"ನಾನೂ ಕೊಟ್ಟಿರ್ಲಿಲ್ವಲ್ಲ. ಅದಕ್ಕೆ."

ಅವನು ಕುರ್ಚಿಯ ಹಿಡಿ ಉಜ್ಜುತ್ತ ಕೂತ. ಬೆರಳುಗಳ ತುಂಬ ಹಳೆಯ ಬಿಳಿ ಗೆರೆಗಳು, ಬ್ಲೇಡಿನವು, ಕತ್ತಿಯವು. ಇಷ್ಟು ವರ್ಷ ಆ ಕೈಗಳು ನನ್ನ ಮುಖದ ಮೇಲೆ ಓಡಾಡಿವೆ, ನಾನು ನೋಡಿರಲಿಲ್ಲ. ಅವನ ರಕ್ತಕ್ಕೆ ಎಷ್ಟು ಜನರ ರಕ್ತ ತಾಗಿದೆಯೋ.

"ಫಿಕ್ರಿ, ನೀನು ನಟ. ನಿನಗೆ ಬಂದ್ರೆ ಅಯ್ಯೋ ಪಾಪ ಅಂತಾರೆ. ನಾನು ಕ್ಷೌರದೋನು ಕಣೋ. ಕ್ಷೌರದೋನಿಗೆ ಬಂತು ಅಂದ್ರೆ ಈ ಷಟರ್ ಮತ್ತೆ ಮೇಲೆ ಏಳತ್ತಾ? ಗೊತ್ತಿಲ್ದೆ ಇದ್ರೆ ಕುರ್ಚಿ ಹತ್ರ ನಿಂತ್ಕೊಂಡೇ ಸಾಯ್ತೀನಿ. ಗೊತ್ತಾದ್ರೆ ಮನೇಲಿ ಕೂತು ಸಾಯ್ಬೇಕು."

"ಸಾಯಲ್ವಂತೆ ಕಣೋ. ಮಾತ್ರೆ ಇದೆ. ಬದವಿ ನೋಡು, ಗೂಳಿ ಇದ್ದಂಗಿದ್ದಾನೆ."

"ಬದವಿ ಹತ್ತಿ ಮಾರ್ತಾನೆ. ಹತ್ತಿ ಕತ್ತು ಕೊಯ್ಯಲ್ಲ." ಎದ್ದು ನಿಂತ, ಒಂದು ಕೈ ಗೋಡೆಗೆ. "ಹೋಗು. ನಾಳೆ ಮಧ್ಯಾಹ್ನ ಬೀರು ಕೊಳ್ಳೋಕೆ ನೋಡೋರು ಬರ್ತಾರೆ."

"ಕತ್ತೀನೂ ಕೊಡ್ತೀಯಾ?"

"ಕತ್ತಿ ಕೊಡಲ್ಲ. ಅಪ್ಪಂದು. ಯಾರ್ ಮೇಲೂ ಇಡೋದೂ ಇಲ್ಲ. ನೀನ್ ಕೂಗಿದ್ಮೇಲೆ ಅದನ್ನ ಮಸೆಯೋಕೇ ಕೈ ಬರ್ತಿಲ್ಲ."

ಹೊರಗೆ ಬಂದೆ. ಕಾಫಿ ಅಂಗಡಿಯವರೆಲ್ಲ ನನ್ನನ್ನೇ ನೋಡುತ್ತಿದ್ದರು, ಏನಾದರೂ ಹೇಳುತ್ತಾನೆ ಎಂದು. ಆಗಲಿಲ್ಲ. ತಲೆ ತಗ್ಗಿಸಿ ಬಂದೆ.

ಊಟದ ಹೊತ್ತಿಗೆ ಸನ್ನಿಯ್ಯಾ ಕೇಳಿದಳು. ಹೇಳಿದೆ. ಅವಳು ರೊಟ್ಟಿ ಮುರಿಯುತ್ತ, "ಅವ್ರಿಗೂ ಮೆಟ್ಲು ಹತ್ತೋಕಾಗ್ತಿಲ್ಲ ರೀ" ಎಂದಳು. ಅಷ್ಟೇ ಹೇಳಿದ್ದು. ಆಮೇಲೆ ನಾನು ಮಾತ್ರೆ ನುಂಗಿದೆನೇ ಎಂದು ಬಾಯಿ ತೆರೆಸಿ ನೋಡಿದಳು.

ನಾಳೆಗೆ ಏನು ಹೇಳಬೇಕೆಂದು ಯೋಚಿಸುತ್ತ ಎಷ್ಟೋ ಸಾಲು ಬರೆದು ಹೊಡೆದುಹಾಕಿದೆ. ಎಲ್ಲದರಲ್ಲೂ ನಾನೇ ನಡುವೆ ನಿಂತಿದ್ದೆ. ಹೇಳಬೇಕಾದದ್ದು ಎರಡೇ ಮಾತು.

ನಾಳೆ ಬೆಳಿಗ್ಗೆ, ಡೊಮಿನೋ ಗುಂಪು ಮೊದಲ ಚಹಾಕ್ಕೆ ಸೇರುವ ಹೊತ್ತಿಗೆ ಕಾಫಿ ಅಂಗಡಿಗೆ ಹೋಗುತ್ತೇನೆ. ಕೂತುಕೊಂಡೇ ಹೇಳುತ್ತೇನೆ: ಸಿ ವೈರಸ್ ನನಗಿದೆ, ಚಿಕ್ಕಂದಿನಿಂದ ಇತ್ತು, ಝಗಲೂಲನಿಂದ ಬಂದದ್ದಲ್ಲ. ನಾನು ಕೂಗಿದ್ದು ತಪ್ಪು. ಯಾರಾದರೂ ಏನಾದರೂ ಕೇಳಿದರೆ ಉತ್ತರ ಕೊಡುತ್ತೇನೆ, ಕೇಳದಿದ್ದರೆ ಎದ್ದು ರಸ್ತೆ ದಾಟುತ್ತೇನೆ. ಅವನು ಷಟರು ತೆಗೆಯುವ ಮೊದಲೇ ಬಾಗಿಲಲ್ಲಿರಬೇಕು, ಬೀರು ನೋಡುವವರು ಬರುವ ಮುಂಚೆ. ಬೈಯುತ್ತಾನೆ. ಬೈಯಲಿ. ತೋಳು ಹಿಡಿದು ಲಿವರ್ ಕೇಂದ್ರಕ್ಕೆ ಕರೆದೊಯ್ಯುತ್ತೇನೆ, ನಿಧಾನವಾಗಿ, ಅವನಿಗೂ ದಾರಿ ನಡೆಯಲಾಗುವುದಿಲ್ಲ, ನನಗೂ ಆಗುವುದಿಲ್ಲ. ಅವನ ಹೆಸರು ಕೂಗುವವರೆಗೆ ಪಕ್ಕದ ಬೆಂಚಿನಲ್ಲಿ ಕೂತಿರುತ್ತೇನೆ.